ಮಂಕಿ ಟಾಪ್

ಬೆಂಗಳೂರಿನ ಹಳೆಯ ಬಂಗಲೆಗಳ ಮಾತು ಬಂದಾಗಲೆಲ್ಲ ಕೇಳಿಬರುವ ‘ಮಂಕಿ ಟಾಪ್’ ಎಂಬ ಪದವನ್ನು ಹಲವರು ಒಂದು ವಾಸ್ತುಶೈಲಿಯ ಹೆಸರೆಂದೇ ತಿಳಿದಿದ್ದಾರೆ. ವಾಸ್ತವವಾಗಿ ಅದು ಮನೆಯ ಒಂದು ಅಂಗದ ಹೆಸರು: ಕಿಟಕಿಯ ಅಥವಾ ಮುಂಬಾಗಿಲ ಪೋರ್ಟಿಕೋದ ಮೇಲೆ, ಗೋಡೆಯಿಂದ ಮುಂದಕ್ಕೆ ಚಾಚಿಕೊಂಡ, ಚೂಪು ನೆತ್ತಿಯ ಮರದ ಮುಸುಕು. ಕೋತಿಗಳು ಕೂರುವುದಕ್ಕೆ ಹೇಳಿ ಮಾಡಿಸಿದ ಜಾಗವಾದ್ದರಿಂದ ಈ ಹೆಸರು ಬಂತೆಂದು ಹಳಬರು ಹೇಳುವುದುಂಟು. ಮಲ್ಲೇಶ್ವರದ ಕೋತಿಗಳನ್ನು ಬಲ್ಲವರಾರೂ ಇದಕ್ಕೆ ಪುರಾವೆ ಕೇಳಲಾರರು.

1809ರಲ್ಲಿ ಬ್ರಿಟಿಷ್ ಸೇನೆಯ ದಂಡು ಪ್ರದೇಶ (ಕಂಟೋನ್ಮೆಂಟ್) ಸ್ಥಾಪನೆಯಾದ ಮೇಲೆ ಎದ್ದ ಆರಂಭದ ಬಂಗಲೆಗಳ ಮುಖ ಬೇರೆಯೇ ಆಗಿತ್ತು. ದುಂಡು ಕಂಬಗಳ ವರಾಂಡ, ಬಿಳಿ ಸುಣ್ಣದ ಗೋಡೆ, ಮೇಲೆ ಮದ್ರಾಸ್ ತಾರಸಿ, ಅಂದರೆ ಮರದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಸಾಲಿನಲ್ಲಿ ನಿಲ್ಲಿಸಿ ಗಾರೆ ಹಾಕಿದ ಸಮತಟ್ಟಾದ ಮಾಳಿಗೆ: ಗ್ರೀಕ್ ಮತ್ತು ರೋಮನ್ ಕಟ್ಟಡಗಳ ಗಾಂಭೀರ್ಯವೇ ಅವುಗಳ ಆದರ್ಶ. ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನಲ್ಲಿ ಬಲಗೊಂಡಿದ್ದ ಗಾಥಿಕ್ ಪುನರುಜ್ಜೀವನದ, ಅಂದರೆ ಮಧ್ಯಯುಗದ ಯುರೋಪಿನ ಚರ್ಚುಗಳ ಶೈಲಿಯನ್ನು ಮತ್ತೆ ತರುವ, ಒಲವು ಇಲ್ಲಿಗೂ ಹಬ್ಬಿ, ಚೂಪು ಕಮಾನು, ಕಡಿದಾದ ಇಳಿಜಾರು ಸೂರು, ಸೂರಿನಂಚಿಗೆ ಕೊರೆದ ಮರದ ಹಲಗೆ ಇವೆಲ್ಲ ಮನೆಗಳಿಗೆ ಬಂದವು; ಮಂಕಿ ಟಾಪೂ ಈ ಒಲವಿನದೇ ಕೂಸು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಬಳಕೆಗೆ ಬಂದ ಒಂದಕ್ಕೊಂದು ಕಚ್ಚಿಕೊಳ್ಳುವ ಮಂಗಳೂರು ಹೆಂಚು ಇಂಥ ಇಳಿಜಾರು ಸೂರಿಗೆ ಹೇಳಿಮಾಡಿಸಿದಂತಿತ್ತು.

ಮಂಕಿ ಟಾಪನ್ನು ಹತ್ತಿರದಿಂದ ನೋಡಿದರೆ ಬಡಗಿಯ ಜಾಣ್ಮೆ ಕಾಣುತ್ತದೆ. ಮುಸುಕಿನ ಮುಂಭಾಗದ ತ್ರಿಕೋನವನ್ನು ಇಡೀ ಹಲಗೆಯಿಂದ ಮುಚ್ಚದೆ, ಎರಡು ಬೆರಳಗಲದ ಮರದ ಪಟ್ಟಿಗಳನ್ನು ಸಣ್ಣ ಸಂದು ಬಿಟ್ಟು ಸಾಲಾಗಿ ಇಳಿಬಿಟ್ಟು, ಪ್ರತಿಯೊಂದರ ಕೆಳತುದಿಯನ್ನೂ ಈಟಿಯ ಮೊನೆಯಂತೆ ಕತ್ತರಿಸಿರುತ್ತಾರೆ. ನೆತ್ತಿಯ ಬಿಸಿಲೂ ಇರಚಲು ಮಳೆಯೂ ಕಿಟಕಿಗೆ ತಗಲದು, ಆದರೆ ಗಾಳಿಗೆ ತಡೆಯಿಲ್ಲ. ಮಧ್ಯಾಹ್ನದ ಹೊತ್ತು ಪಟ್ಟಿಗಳ ನೆರಳು ಗೋಡೆಯ ಮೇಲೆ ಗೆರೆಗೆರೆಯಾಗಿ ಬೀಳುತ್ತದೆ. ಮಂಜಿನ ನಾಡಿನ ಅಲಂಕಾರವನ್ನು ಮುಂಗಾರಿನ ನಾಡಿನ ಉಪಕರಣವನ್ನಾಗಿ ಮಾಡಿದ್ದು ಇದರ ಹೆಚ್ಚುಗಾರಿಕೆಯೆಂದು ನನ್ನ ಅಭಿಪ್ರಾಯ.

1898ರ ಪ್ಲೇಗಿನ ಹೊತ್ತಿನಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ಸ್ಥಳೀಯ ಕುಟುಂಬಗಳೂ ಇದನ್ನು ತಮ್ಮದಾಗಿಸಿಕೊಂಡವು. ಹೊರಗೆ ಮಂಕಿ ಟಾಪ್, ಅದರಡಿ ಜಗಲಿ, ಹಿತ್ತಿಲಲ್ಲಿ ತುಳಸಿಕಟ್ಟೆ ಎಂಬಂಥ ಜೋಡಣೆ ಅಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ. ಈಚೆಗೆ ಕೆಲವು ಹೊಸ ಕಟ್ಟಡಗಳಲ್ಲಿ ಅದೇ ಆಕಾರವನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ದು ಅದನ್ನೂ ಮಂಕಿ ಟಾಪ್ ಎಂದೇ ಕರೆಯುತ್ತಾರೆ, ಆದರೆ ಅಲ್ಲಿ ಪಟ್ಟಿಗಳೂ ಇಲ್ಲ, ಗಾಳಿಯಾಡುವ ಸಂದೂ ಇಲ್ಲ.