ಗೋಡೆಗೂ ಅದೇ ಕಲ್ಲು, ನೀರಿಗೂ ಅದೇ ಕಲ್ಲು

ಕಾಸರಗೋಡಿನಲ್ಲಿ ಮಕ್ಕಳಿಗೆ ಪರಿಸರದ ಪಾಠ ಹೇಳುವ ಕೇಂದ್ರ ಕಟ್ಟುವುದಾದರೆ ಯಾವುದರಲ್ಲಿ ಕಟ್ಟಬೇಕು? ಮುರಕಲ್ಲಿನಲ್ಲಿ, ಅಂದರೆ ನಮ್ಮ ಗುಡ್ಡಗಳ ಕೆಂಪು ಕಲ್ಲಿನಲ್ಲಿ ಅಂತ ಇಲ್ಲಿನ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನೂ ಅದನ್ನೇ ಹೇಳುತ್ತೇನೆ. ಆದರೆ ಆ ಕಲ್ಲು ಎಲ್ಲಿಂದ ಬರಬೇಕು?

ಕೋರೆಯಿಂದ ಆಗಷ್ಟೇ ಎಬ್ಬಿಸಿದ ಕಲ್ಲನ್ನು ಮುಟ್ಟಿ ನೋಡಿ. ತಣ್ಣಗೆ, ಒದ್ದೆಯಾಗಿರುತ್ತದೆ. ಉಗುರಿಗೆ ಕೆಂಪು ಹುಡಿ ಅಂಟುತ್ತದೆ. ಗಾಳಿ ಬಿಸಿಲಿಗೆ ಬಿಟ್ಟರೆ ಒಳಗಿನ ತೇವ ಆರಿ, ಕಬ್ಬಿಣದ ಆಕ್ಸೈಡು ಹರಳುಗಟ್ಟಿ, ಕಲ್ಲು ಗಟ್ಟಿಯಾಗುತ್ತಾ ಹೋಗುತ್ತದೆ. 1807ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಇದು ಸುಡಬೇಕಿಲ್ಲದ ಇಟ್ಟಿಗೆ. ಸೌದೆ ಬೇಡ, ಕಲ್ಲಿದ್ದಲೂ ಬೇಡ. ಜಗತ್ತಿನಲ್ಲಿ ಮನುಷ್ಯ ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸಿಮೆಂಟಿನ ಪಾಲೇ ಶೇಕಡಾ 8ರ ಆಸುಪಾಸು ಇರುವಾಗ ಇದು ಸಣ್ಣ ಮಾತಲ್ಲ.

ಇನ್ನು ನೀರಿನ ವಿಷಯ. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಆದರೂ ಎಪ್ರಿಲ್ ಬಂತೆಂದರೆ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಪದವು, ಅಂದರೆ ಮುರಕಲ್ಲಿನ ಗುಡ್ಡದ ಮೇಲಿನ ಬಯಲು, ನೋಡಲು ಬರಡು, ಅಲ್ವಾ? ಅದರ ಕಲ್ಲಿನ ತುಂಬ ತೂತು, ಬಿರುಕು. ಅಲ್ಲಿಂದ ಮಳೆನೀರು ಒಳಗಿಳಿದು, ಗುಡ್ಡದ ಹೊಟ್ಟೆಯಲ್ಲಿ ನಿಂತು, ನಿಧಾನವಾಗಿ ಒಸರುತ್ತದೆ. ಒಬ್ಬರು ಬಗ್ಗಿ ಹೋಗುವಷ್ಟೇ ಅಗಲದ ನಮ್ಮ ಸುರಂಗಗಳು ಗುಡ್ಡದೊಳಕ್ಕೆ ಅಡ್ಡಲಾಗಿ ಹೋಗಿ ಹಿಡಿಯುವುದು ಇದೇ ನೀರನ್ನು. ಪಂಪು ಬೇಡ, ಕರೆಂಟು ಬೇಡ.

ಅಂದಮೇಲೆ ಕೋರೆಯಿಂದ ಹೋಗುವ ಒಂದೊಂದು ಲೋಡು ಕಲ್ಲಿನ ಜೊತೆ ನೀರು ನಿಲ್ಲುವ ಜಾಗವೂ ಹೋಯಿತು. ಪರಿಸರ ಕೇಂದ್ರಕ್ಕಾಗಿ ಹೊಸ ಪದವನ್ನು ಅಗೆಯುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಮನೆಗಳನ್ನು ಕೆಡವಿದಾಗ ಕಲ್ಲು ಇಡಿಯಾಗಿ ಬಿಡಿಸಿಕೊಳ್ಳುತ್ತದೆ. ಅದನ್ನು ತರೋಣ. ಜಾಗಕ್ಕೆ ಕೆಲಸ ನಿಂತ ಹಳೆಯ ಕೋರೆಯೇ ಆಗಬಹುದು. ತಗ್ಗಿನ ಬದಿಯಲ್ಲಿ ಮಳೆನೀರು ನಿಲ್ಲಲಿ, ಎತ್ತರದ ಬದಿಯಲ್ಲಿ ತರಗತಿ ಏಳಲಿ.

ಕರಾವಳಿಯ ಸೆಕೆಗೆ ದಪ್ಪ ಗೋಡೆಯೊಂದೇ ಸಾಲದು. ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಬೇಗ ಆರುವುದಿಲ್ಲ. ಹಾಗಾಗಿ ಎದುರುಬದುರು ಕಿಟಕಿ ಬೇಕು. ಬಿಸಿಗಾಳಿ ಸಂದಿಯಲ್ಲಿ ಹೊರಹೋಗುವಂಥ ಹಂಚಿನ ಮಾಡು ಬೇಕು. ಮಾಡು ಗೋಡೆಯಿಂದ ಸಾಕಷ್ಟು ಮುಂದಕ್ಕೆ ಚಾಚಿರಬೇಕು, ಮಳೆಗೆ ನೆನೆದರೆ ಮುರಕಲ್ಲು ನೀರು ಕುಡಿಯುತ್ತದೆ.

ತರಗತಿಯ ಒಂದು ಗೋಡೆಗಾದರೂ ಸಾರಣೆ ಮಾಡದೆ ಬಿಡಬೇಕು. ಮಕ್ಕಳು ಅದಕ್ಕೆ ಒಂದು ಚೆಂಬು ನೀರು ಹೊಯ್ಯಲಿ. ಕಲ್ಲಿನ ತೂತುಗಳೊಳಗೆ ಅದು ಮಾಯವಾಗುವುದನ್ನು ಹತ್ತಿರದಿಂದ ನೋಡಲಿ.