ಗೋದಲಿಯಲ್ಲಿ ರಾಗಿ ಉಳಿಯಿತು, ಮರ ಎಲ್ಲಿ ಹೋಯಿತು?

ಡಿಸೆಂಬರ್ ಎರಡನೆಯ ವಾರದ ಹೊತ್ತಿಗೆ ಬೆಂಗಳೂರಿನ ಅನೇಕ ಕ್ರೈಸ್ತ ಮನೆಗಳ ಕಿಟಕಿಯ ಬಳಿ ಅಗಲವಾದ ತಟ್ಟೆಯೊಂದು ಕಾಣಿಸಿಕೊಳ್ಳುತ್ತದೆ. ತಟ್ಟೆಯಲ್ಲಿ ಎರಡು ಬೆರಳು ದಪ್ಪದಷ್ಟು ಮಣ್ಣು, ಅದರ ಮೇಲೆ ಒತ್ತೊತ್ತಾಗಿ ಚೆಲ್ಲಿದ ರಾಗಿ. ರಾತ್ರಿಯಿಡೀ ನೆನೆಸಿ ಚೆಲ್ಲಿದ ಕಾಳು ಮೂರು ನಾಲ್ಕು ದಿನಕ್ಕೆ ಮೊಳೆತು, ಹತ್ತು ಹನ್ನೆರಡು ದಿನಕ್ಕೆ ಬೆರಳುದ್ದದ ಪೈರಾಗಿ, 24ರ ರಾತ್ರಿಯ ವೇಳೆಗೆ ಗೋದಲಿಯ, ಅಂದರೆ ಕ್ರಿಸ್‌ಮಸ್‌ಗೆ ಬೊಂಬೆಗಳಿಂದ ಕಟ್ಟುವ ಯೇಸು ಹುಟ್ಟಿದ ಕೊಟ್ಟಿಗೆಯ, ಮುಂದಿನ ಹುಲ್ಲುಗಾವಲಾಗಲು ಸಿದ್ಧವಾಗಿರುತ್ತದೆ. ದಿನವೂ ನೀರು ಚಿಮುಕಿಸುವ ಕೆಲಸ ಸಾಮಾನ್ಯವಾಗಿ ಮನೆಯ ಮಕ್ಕಳದು. ಬೆತ್ಲೆಹೇಮಿನ ಕುರಿಗಳು ನಮ್ಮ ಊರಿನಲ್ಲಿ ರಾಗಿ ಪೈರು ಮೇಯುತ್ತವೆ.

ಈ ತಟ್ಟೆ ಇಂದಿಗೂ ಉಳಿದಿದೆ. ಆದರೆ ಅದರ ಪಕ್ಕದಲ್ಲಿ ಇರುತ್ತಿದ್ದ, ಮನೆಯಲ್ಲೇ ಮೊಳೆ ಹೊಡೆದು ನಿಲ್ಲಿಸಿದ ಮರದ ಕೊಟ್ಟಿಗೆ, ಆಚಾರಿ ಕೊಟ್ಟ ತುಂಡಿನಲ್ಲಿ ಕೆತ್ತಿದ ಕುರಿ ಒಂಟೆಗಳು, ಹಬ್ಬದ ಬೆಳಿಗ್ಗೆ ಚಿಕ್ಕ ಮಗುವಿನ ಕೈಗೆ ಸಿಗುತ್ತಿದ್ದ ಗಾಲಿಯ ಬಂಡಿ, ಇವೆಲ್ಲ ಅಪರೂಪವಾಗಿವೆ. ಜನರಿಗೆ ಪುರುಸೊತ್ತಿಲ್ಲ ಎಂಬುದು ಇದಕ್ಕೆ ಎಲ್ಲರ ಬಾಯಲ್ಲಿರುವ ಉತ್ತರ. ಹತ್ತು ದಿನ ರಾಗಿಗೆ ನೀರು ಹಾಕಲು ಪುರುಸೊತ್ತಿರುವ ಮನೆಗೆ ಒಂದು ಸಂಜೆ ಮರ ಕೊಯ್ಯಲು ಪುರುಸೊತ್ತಿಲ್ಲವೆಂದರೆ ನಾನು ಸುಲಭವಾಗಿ ನಂಬುವುದಿಲ್ಲ. ರಾಗಿ ಇಂದಿಗೂ ಬೀದಿ ತುದಿಯ ಅಂಗಡಿಯಲ್ಲಿ ಸಿಗುತ್ತದೆ. ಆಟಿಕೆಗೆ ಯೋಗ್ಯವಾದ ತುಂಡು ಮರ ಸಿಗುವುದಿಲ್ಲ. ಈ ಕೊರತೆಗೆ ತನ್ನದೇ ಆದ ಚರಿತ್ರೆಯಿದೆ.

ಗೋದಲಿಯನ್ನು ಕಟ್ಟುವ ರೂಢಿಯನ್ನು 1223ರಷ್ಟು ಹಿಂದಕ್ಕೆ ಗುರುತಿಸುತ್ತಾರೆ. ಆ ವರ್ಷ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಗೋದಲಿ, ಎತ್ತು ಮತ್ತು ಕತ್ತೆಗಳನ್ನು ತರಿಸಿ ಯೇಸುವಿನ ಜನನದ ದೃಶ್ಯವನ್ನು ಜನರ ಕಣ್ಣೆದುರು ನಿಲ್ಲಿಸಿದರು. ಜೀವಂತ ಪ್ರಾಣಿಗಳ ಜಾಗಕ್ಕೆ ಮುಂದೆ ಮರದ, ಮಣ್ಣಿನ ಬೊಂಬೆಗಳು ಬಂದವು. ಅವು ಚರ್ಚುಗಳಿಂದ ಮನೆಗಳಿಗೂ ಇಳಿದವು. ಬೆಂಗಳೂರಿಗೆ ಇದು ಎರಡು ದಾರಿಗಳಿಂದ ಬಂದಿತು. ಒಂದು, 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಪಡೆ ಇಲ್ಲಿಗೆ ಸ್ಥಳಾಂತರಗೊಂಡು ದಂಡು ಪ್ರದೇಶ ಬೆಳೆದಾಗ ಅದರ ಜೊತೆಗೇ ಬಂದ ಸೈನಿಕರ ಮತ್ತು ಅಧಿಕಾರಿಗಳ ಹಬ್ಬ. ಇನ್ನೊಂದು, ಅದಕ್ಕೂ ಮೊದಲೇ ಮೈಸೂರು ಸೀಮೆಯಲ್ಲಿ ನೆಲೆಸಿದ್ದ ಕಥೋಲಿಕ ಕುಟುಂಬಗಳ ಹಬ್ಬ. ಶಿವಾಜಿನಗರದಲ್ಲಿ ಇಂದು ಸಂತ ಮೇರಿ ಬೆಸಿಲಿಕಾ ಇರುವಲ್ಲಿ 1818ರಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬೊಯ್ ಅವರು ಕಟ್ಟಿಸಿದ್ದು ಹುಲ್ಲು ಹೊದಿಸಿದ ಸಣ್ಣ ಗುಡಿಯನ್ನು. ಈಗಿನ ಗೋಥಿಕ್ ಶೈಲಿಯ ಕಟ್ಟಡ ಪೂರ್ಣಗೊಂಡದ್ದು 1882ರಲ್ಲಿ. ದಂಡಿನ ಬಂಗಲೆಗಳಲ್ಲಿ ಕ್ರಿಸ್‌ಮಸ್ ಮರಕ್ಕೆ ಪ್ರಾಶಸ್ತ್ಯವಿದ್ದರೆ ಹಳ್ಳಿಗಳಿಂದ ಬಂದವರ ಮನೆಗಳಲ್ಲಿ ಗೋದಲಿಯೇ ಹಬ್ಬದ ನಡುಮನೆ. ಇಲ್ಲಿ ಬೆಳೆಯದ ಫರ್ ಮರದ ಬದಲು ಸೂಜಿಯಂಥ ಎಳೆಗಳ ಸರ್ವೆ ಮರದ ಕೊಂಬೆಯನ್ನು ಕಡಿದು ತಂದು ಬಕೆಟ್ಟಿನ ಮರಳಿನಲ್ಲಿ ನಿಲ್ಲಿಸುವ ಜಾಣ್ಮೆಯೂ ಹೀಗೆಯೇ ಹುಟ್ಟಿತು.

ಗೋದಲಿ ಕಟ್ಟುವ ಕ್ರಮವನ್ನು ನೋಡಿದ ಯಾವ ಕನ್ನಡಿಗನಿಗೂ ದಸರೆಯ ಗೊಂಬೆ ಕೂರಿಸುವುದು ನೆನಪಾಗದೆ ಇರದು. ಅಕ್ಟೋಬರ್‌ನಲ್ಲಿ ಒಂದು ಮನೆಯ ಅಟ್ಟದಿಂದ ಪಟ್ಟದ ಗೊಂಬೆಗಳು ಇಳಿಯುತ್ತವೆ; ಡಿಸೆಂಬರ್‌ನಲ್ಲಿ ಪಕ್ಕದ ಮನೆಯ ಅಟ್ಟದಿಂದ, ಬಾಲಯೇಸುವನ್ನು ಕಾಣಲು ಬಂದ ಮೂವರು ಜ್ಞಾನಿಗಳು ಇಳಿಯುತ್ತಾರೆ. ಎರಡರಲ್ಲೂ ಹಳೆಯ ಪೆಟ್ಟಿಗೆಗಳ ಮೇಲೆ ಬಟ್ಟೆ ಹೊದಿಸಿ ಹಂತ ಮಾಡುವುದಿದೆ, ಕನ್ನಡಿಯ ಚೂರನ್ನು ಕೊಳವೆಂದು ಮಲಗಿಸುವುದಿದೆ, ಪ್ರತಿ ವರ್ಷ ಒಂದಾದರೂ ಹೊಸ ಬೊಂಬೆ ಸೇರಬೇಕೆಂಬ ಹಟವಿದೆ. ಗುಡ್ಡಕ್ಕೆ ಬ್ರೌನ್ ಕಾಗದವನ್ನು ಮುದುರಿ ಸುಣ್ಣ ಮತ್ತು ಕಾವಿ ಬಳಿಯುತ್ತಿದ್ದರು. ನೆಲಕ್ಕೆ ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿದ ಮರದ ಹೊಟ್ಟು. ಬಾಲಯೇಸುವಿನ ಹಾಸಿಗೆಗೆ ಹತ್ತರಿ ಹೊಡೆದಾಗ ಸುರುಳಿಸುರುಳಿಯಾಗಿ ಏಳುವ ತೆಳು ಸಿಪ್ಪೆ. ಆ ಹಾಸಿಗೆ 24ರ ಮಧ್ಯರಾತ್ರಿಯವರೆಗೆ ಖಾಲಿಯಾಗಿಯೇ ಇರಬೇಕು ಎಂಬುದು ನಿಯಮ, ಮಕ್ಕಳು ಅದನ್ನು ಮುರಿಯುವುದು ವಾಡಿಕೆ.

ಹೊಟ್ಟು ಮತ್ತು ಸಿಪ್ಪೆ ಬರುತ್ತಿದ್ದುದು ಎಲ್ಲಿಂದ ಎಂಬುದನ್ನು ಗಮನಿಸಬೇಕು. ಹೊಸ ಮನೆ ಎಂದರೆ ಬಾಗಿಲು, ಕಿಟಕಿ, ಕಪಾಟುಗಳನ್ನು ಆಚಾರಿ ಸ್ಥಳದಲ್ಲೇ ಕೂತು ಮಾಡುವುದು ಎಂದಿದ್ದ ಕಾಲದಲ್ಲಿ ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ತಿಂಗಳುಗಟ್ಟಲೆ ಒಂದು ಮರಗೆಲಸದ ಚಪ್ಪರ ಇದ್ದೇ ಇರುತ್ತಿತ್ತು. ತೇಗ, ಹೊನ್ನೆ, ಹಲಸು, ಸಿಲ್ವರ್ ಓಕ್‌ಗಳ ಗೇಣುದ್ದದ ತುಂಡುಗಳು ಅಲ್ಲಿ ಬಿದ್ದಿರುತ್ತಿದ್ದವು, ಕೇಳಿದವರಿಗೆ ಸಿಗುತ್ತಿದ್ದವು. ಮಗುವಿಗೆ ನಡೆಬಂಡಿ ಬೇಕೆಂದರೆ ಆಚಾರಿ ಊಟದ ವಿರಾಮದಲ್ಲಿ ಮೂರು ಗಾಲಿ ಕೊಯ್ದು ಕೊಡುತ್ತಿದ್ದ. ಮನೆಯಲ್ಲಿ ಮಾಡಿದ ಆಟಿಕೆ ಎಂದು ನಾವು ಇಂದು ಹಂಬಲದಿಂದ ಹೇಳುವುದು ಪೂರ್ತಿ ಮನೆಯದ್ದಾಗಿರಲಿಲ್ಲ. ಅರ್ಧ ಕೆಲಸ ಚಪ್ಪರದಲ್ಲಿ ನಡೆದು, ಉಪ್ಪು ಕಾಗದದಿಂದ ಉಜ್ಜುವ, ಬಣ್ಣ ಬಳಿಯುವ ಉಳಿದರ್ಧ ಮನೆಯಲ್ಲಿ ನಡೆಯುತ್ತಿತ್ತು.

ಯುರೋಪಿನಲ್ಲಿಯೂ ಕ್ರಿಸ್‌ಮಸ್‌ನ ಮರದ ಆಟಿಕೆಗಳು ಹಬ್ಬದ ಉತ್ಸಾಹದಿಂದಷ್ಟೇ ಹುಟ್ಟಿದವುಗಳಲ್ಲ. ಜರ್ಮನಿಯ ಸ್ಯಾಕ್ಸನಿಯ ಅದಿರುಬೆಟ್ಟಗಳಲ್ಲಿ ತವರದ ಗಣಿಗಳು ಬರಿದಾಗುತ್ತ ಬಂದಂತೆ ಗಣಿಗಾರ ಕುಟುಂಬಗಳು ಮರವನ್ನು ತಿರುಗಿಸಿ ಕಡೆಯುವ ಲೇತ್ ಹಿಡಿದವು. ಅಲ್ಲಿನ ಝೈಫನ್ ಎಂಬ ಊರಿನಲ್ಲಿ ಒಂದು ವಿಚಿತ್ರ ಜಾಣ್ಮೆ ಬೆಳೆಯಿತು: ಹಸಿ ಸ್ಪ್ರೂಸ್ ಮರದ ಬಿಲ್ಲೆಯನ್ನು ಬಳೆಯಾಕಾರದಲ್ಲಿ ಕಡೆದು, ಆ ಬಳೆಯನ್ನು ಕೇಕಿನಂತೆ ಹೋಳು ಮಾಡಿದರೆ ಪ್ರತಿ ಹೋಳಿನ ಅಡ್ಡಸೀಳಿನಲ್ಲಿ ಒಂದು ಹಸುವೋ ಕುದುರೆಯೋ ಮೂಡಿರುತ್ತದೆ. ಕಡೆಯುವಾಗ ಪ್ರಾಣಿ ಕಣ್ಣಿಗೆ ಕಾಣುವುದಿಲ್ಲ, ಕೈ ಲೆಕ್ಕ ಇಟ್ಟಿರಬೇಕು. ಒಂದು ಬಳೆಯಿಂದ ಹತ್ತಾರು ಪ್ರಾಣಿಗಳು ಹೊರಡುತ್ತಿದ್ದುದರಿಂದ ನೋಹನ ನಾವೆಯ ಸೆಟ್ಟುಗಳು ಅಗ್ಗವಾಗಿ ಇಂಗ್ಲೆಂಡಿನವರೆಗೂ ಹೋದವು. ಭಾನುವಾರ ಆಟ ನಿಷಿದ್ಧವಾಗಿದ್ದ ಮಡಿವಂತ ಮನೆಗಳಲ್ಲೂ, ಬೈಬಲ್ಲಿನ ಕಥೆ ಎಂಬ ಕಾರಣಕ್ಕೆ, ನಾವೆಗೆ ಮಾತ್ರ ರಿಯಾಯಿತಿಯಿತ್ತು. ಮನೆಯ ಮುಂದೆ ತೂಗುವ ಕಾಗದದ ನಕ್ಷತ್ರದ ಒಂದು ಮೂಲವೂ ಅದೇ ಸೀಮೆಯ ಕಡೆಗೆ ಹೋಗುತ್ತದೆ. 1830ರ ದಶಕದಲ್ಲಿ ನೀಸ್ಕಿ ಎಂಬಲ್ಲಿನ ಮೊರಾವಿಯನ್ ಪಂಥದ ಶಾಲೆಯಲ್ಲಿ ರೇಖಾಗಣಿತದ ಪಾಠವಾಗಿ ಹುಡುಗರು ಅದನ್ನು ಮಡಿಸಿದರು. ಬೆಂಗಳೂರಿನಲ್ಲಿ ಅದು ಬಿದಿರ ಸೀಳುಗಳ ಐದು ಮೂಲೆಯ ನಕ್ಷತ್ರವಾಯಿತು. ಗಾಳಿಪಟದ ಕಾಗದ, ಮೈದಾ ಅಂಟು, ಒಳಗೊಂದು ಬಲ್ಬು. ಹಳೆಯ 40 ವ್ಯಾಟ್ ಬಲ್ಬು ಎಷ್ಟು ನಕ್ಷತ್ರಗಳನ್ನು ಸುಟ್ಟಿದೆಯೋ ಲೆಕ್ಕವಿಲ್ಲ.

ನಮಗೆ ಝೈಫನ್ ದೂರವೇನಿಲ್ಲ, ಮೈಸೂರು ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್ ಹೋದರೆ ಚನ್ನಪಟ್ಟಣವಿದೆ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ಕಸುಬನ್ನು ಇಲ್ಲಿ ನೆಲೆಗೊಳಿಸಿದನೆಂಬ ಪ್ರತೀತಿಯಿದೆ; ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನ ಅರಗಿನ ಕೌಶಲವನ್ನು ತಂದವರೆಂದು ಬಾವಾಸ್ ಮಿಯಾ ಅವರನ್ನು ಅಲ್ಲಿನವರು ನೆನೆಯುತ್ತಾರೆ. ಕಸುಬಿನ ಬೆನ್ನೆಲುಬು ಆಲೆ ಮರ. ಬಿಳುಪಾದ, ಒತ್ತಾದ ಎಳೆಯ, ಉಳಿಗೆ ಮೃದುವಾಗಿ ಒಗ್ಗುವ ಈ ಮರವನ್ನು ಚೆನ್ನಾಗಿ ಒಣಗಿಸಿ ಲೇತಿಗೆ ಕೊಡುತ್ತಾರೆ. ಬಣ್ಣ ಹಾಕುವ ಕ್ರಮವಂತೂ ನಿಂತು ನೋಡುವಂಥದ್ದು. ಅರಗಿಗೆ ಅರಿಶಿನ, ನೀಲಿ ಮೊದಲಾದ ಬಣ್ಣ ಬೆರೆಸಿ ಕಡ್ಡಿ ಮಾಡಿಟ್ಟಿರುತ್ತಾರೆ. ತಿರುಗುವ ಮರಕ್ಕೆ ಆ ಕಡ್ಡಿಯನ್ನು ಒತ್ತಿದರೆ ಘರ್ಷಣೆಯ ಬಿಸಿಗೆ ಅರಗು ಕರಗಿ ಪಟ್ಟೆಪಟ್ಟೆಯಾಗಿ ಹತ್ತಿಕೊಳ್ಳುತ್ತದೆ. ಆಗ ಕೇದಗೆ ಜಾತಿಯ ಗಿಡದ ಒಣ ಗರಿಯನ್ನು ಅದುಮಿ ಹಿಡಿಯುತ್ತಾರೆ. ಒರಟಾಗಿದ್ದ ಪಟ್ಟೆ ಕ್ಷಣದಲ್ಲಿ ಹರಡಿಕೊಂಡು ಗಾಜಿನಂತೆ ಹೊಳೆಯುತ್ತದೆ. ಒದ್ದೆ ಬಣ್ಣವೇ ಇಲ್ಲವಾದ್ದರಿಂದ ಒಣಗಲು ಕಾಯುವಂತಿಲ್ಲ, ಕುಂಚವೂ ಬೇಡ. ಅರಗು ಹುಳುವಿನ ಸ್ರಾವ. ಅದನ್ನು ಶುದ್ಧಗೊಳಿಸಿದ ರೂಪವನ್ನು ಮಿಠಾಯಿಗಳ ಮೇಲಿನ ಹೊಳಪಿಗೂ ಬಳಸುತ್ತಾರೆ. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಗುವಿಗೆ ಗಿಲಕಿ ಕೊಡುವಾಗ ಈ ಸಂಗತಿಗೆ ಬೆಲೆಯಿದೆ.

ಇಷ್ಟೆಲ್ಲ ಹತ್ತಿರದಲ್ಲಿದ್ದರೂ ಮರದ ಆಟಿಕೆ ಮನೆಗಳಿಂದ ಹೊರಬಿದ್ದುದು ಹೇಗೆ? ಪ್ಲಾಸ್ಟಿಕ್ ಮೊದಲ ಏಟು. 2001ರ ಏಪ್ರಿಲ್‌ನಲ್ಲಿ ಆಮದಿನ ಮೇಲಿದ್ದ ಪರಿಮಾಣದ ನಿರ್ಬಂಧಗಳು ತೆರವಾದ ಮೇಲೆ ಚೀನಾದ ಆಟಿಕೆಗಳು, ಬಲ್ಬಿನ ಸರಗಳು, ಮಡಿಸಿಡುವ ಹಸಿರು ಮರಗಳು ಅಂಗಡಿಗಳನ್ನು ತುಂಬಿದ್ದು ಎರಡನೆಯದು. ಇವೆರಡನ್ನೂ ಎಲ್ಲರೂ ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಹೆಚ್ಚು ಆಳವಾದ ಏಟು ಕೊಟ್ಟದ್ದು ನಮ್ಮ ಅಡುಗೆಮನೆ. ಕಪಾಟುಗಳು ಕಾರ್ಖಾನೆಯಲ್ಲಿ ಅಳತೆಗೆ ತಯಾರಾಗಿ ಬರತೊಡಗಿದವು, ಕಿಟಕಿಗಳು ಅಲ್ಯೂಮಿನಿಯಂ ಆದವು, ಚಪ್ಪರ ಎದ್ದುಹೋಯಿತು. ಈಗ ಬಡಾವಣೆಯಲ್ಲಿ ಬಿದ್ದಿರುವ ತುಂಡುಗಳೆಂದರೆ ಪ್ಲೈವುಡ್ ಮತ್ತು ಎಂಡಿಎಫ್. ಮರದ ನಾರನ್ನು ಫಾರ್ಮಾಲ್ಡಿಹೈಡ್ ಮೂಲದ ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯಿಂದ ಕುರಿ ಕೆತ್ತಲಾಗದು. ಉಳಿ ತಾಗಿದಲ್ಲಿ ಹಿಟ್ಟುದುರುತ್ತದೆ, ಆ ಪುಡಿ ಮಗುವಿನ ಮೂಗಿಗೆ ಹೋಗಬಾರದು. ಕೈಕೆಲಸದ ಆಸೆಯಿರುವ ತಂದೆ ತಾಯಿ ಇದೇ ತುಂಡನ್ನು ಎತ್ತಿಕೊಂಡು ಬಂದು, ಎರಡು ಗಂಟೆ ಹೆಣಗಿ, ತಮ್ಮ ಕೈಯೇ ಸರಿಯಿಲ್ಲವೆಂದು ತೀರ್ಮಾನಿಸುತ್ತಾರೆ.

ನಡುವೆ ಬಣ್ಣದ ಭಯ ಬಂದಿತು. ಸೀಸ ಬೆರೆತ ಬಣ್ಣದ ಕಾರಣಕ್ಕೆ 2007ರಲ್ಲಿ ಚೀನಾದಲ್ಲಿ ತಯಾರಾದ ಲಕ್ಷಾಂತರ ಆಟಿಕೆಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಸಲಾಯಿತು. ನಮ್ಮಲ್ಲಿ 2016ರ ನಿಯಮಗಳು ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷಕ್ಕೆ 90 ಭಾಗಗಳಿಗೆ ಮಿತಿಗೊಳಿಸಿದವು. ನನ್ನ ಮನೆಯಲ್ಲೇ ರಸ್ತೆಬದಿಯಲ್ಲಿ ಕೊಂಡ ಕೆಂಪು ಬುಗುರಿಯೊಂದು ಮಗುವಿನ ಬಾಯಿಗೆ ಹೋಗಿ ತುಟಿಯೆಲ್ಲ ಕೆಂಪಾದ ದಿನದಿಂದ ಈ ಅಂಕಿ ನನಗೆ ನೆನಪಿದೆ. 2020ರ ಫೆಬ್ರವರಿಯಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿತು, 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಪ್ರತಿ ಬಗೆಯ ಆಟಿಕೆಗೂ ಪ್ರಯೋಗಾಲಯದ ಪರೀಕ್ಷೆ ಎಂದರೆ ಒಂದು ಲೇತಿನ ಮನೆ ಕಸುಬಿಗೆ ಅಸಾಧ್ಯದ ಮಾತು. ಹೀಗಾಗಿ 2020ರ ಡಿಸೆಂಬರ್‌ನ ತಿದ್ದುಪಡಿಯಲ್ಲಿ ನೋಂದಾಯಿತ ಕರಕುಶಲಿಗರಿಗೂ ಭೌಗೋಳಿಕ ಸೂಚ್ಯಂಕದ (ಊರಿನ ಹೆಸರಿನ ಉತ್ಪನ್ನಕ್ಕೆ ಸಿಗುವ ಜಿಐ ಮಾನ್ಯತೆಯ) ಅಧಿಕೃತ ಬಳಕೆದಾರರಿಗೂ ವಿನಾಯಿತಿ ಸಿಕ್ಕಿತು. 2005-06ರ ಸಾಲಿನಲ್ಲಿ ಆ ಸೂಚ್ಯಂಕ ಪಡೆದಿದ್ದ ಚನ್ನಪಟ್ಟಣಕ್ಕೆ ಅದು ಆಗ ನಿಜವಾಗಿ ಉಪಯೋಗಕ್ಕೆ ಬಂತು.

ಮನೆಯಲ್ಲಿ ತಮ್ಮ ಮಗುವಿಗಾಗಿ ಮಾಡುವವರನ್ನು ಯಾವ ಕಾನೂನೂ ಪರೀಕ್ಷಿಸುವುದಿಲ್ಲ, ಆದ್ದರಿಂದ ಆ ಪರೀಕ್ಷೆಯನ್ನು ತಾವೇ ಮಾಡಿಕೊಳ್ಳುವುದು ಒಳ್ಳೆಯದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ಬಿಡಿ ಭಾಗವೂ 31.7 ಮಿ.ಮೀ. ವ್ಯಾಸದ ಕೊಳವೆಯೊಳಗೆ ಪೂರ್ತಿ ಕೂರಬಾರದೆಂಬುದು ಸುರಕ್ಷತಾ ಮಾನದಂಡದ ಅಳತೆ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿ.ಮೀ. ಎಂದ ಮೇಲೆ, ಅದಕ್ಕಿಂತ ತುಸು ದೊಡ್ಡದಾದ ಗಾಲಿಯೂ ಗಂಟಲಿಗೆ ಅಪಾಯವೇ ಎಂದಾಯಿತು. ಹೊಳಪಿಗೆ ತೆಂಗಿನೆಣ್ಣೆ ಸವರುವ ಅಭ್ಯಾಸ ಹಲವರಿಗಿದೆ. ಅದು ಒಣಗುವ ಎಣ್ಣೆಯಲ್ಲ, ಮರ ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ಪದರವಾಗುತ್ತದೆ, ಮೇಲೆ ಜೇನುಮೇಣ ಉಜ್ಜಿದರೆ ಸಾಕು. ಆದರೆ ಹಾರ್ಡ್‌ವೇರ್ ಅಂಗಡಿಯ ಡಬಲ್ ಬಾಯಿಲ್ಡ್ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರುವ ಸಾಧ್ಯತೆ ಹೆಚ್ಚು. ಅಡುಗೆಗೆ ಬಳಸುವ ಅಗಸೆ ಎಣ್ಣೆಯೇ ಇರಲಿ, ಒಣಗಲು ವಾರಗಳು ಬೇಕು. ನವೆಂಬರ್‌ನಲ್ಲೇ ಕೂತವರಿಗೆ ಮಾತ್ರ ಡಿಸೆಂಬರ್‌ನಲ್ಲಿ ಆಟಿಕೆ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಚನ್ನಪಟ್ಟಣವನ್ನು ಬಳಸಿಕೊಂಡು ಹೋಗುತ್ತದೆ. ಹಳೆಯ ರಸ್ತೆಯಲ್ಲಿ ಕಾಫಿಗೆ ನಿಲ್ಲಿಸಿದವರು ಕುದುರೆಯನ್ನೋ ಅಡುಗೆ ಆಟದ ಸಾಮಾನನ್ನೋ ಕೊಂಡು ಬರುತ್ತಿದ್ದ ಸಾಲು ಅಂಗಡಿಗಳಿಗೆ ಇದರಿಂದ ಪೆಟ್ಟು ಬಿದ್ದಿದೆ. ಕ್ರಿಸ್‌ಮಸ್ ಮರಕ್ಕೆ ತೂಗಿಸುವ ಅರಗಿನ ಬಣ್ಣದ ಗಂಟೆಗಳನ್ನು ಈಗ ಆ ಊರು ಮಾಡುತ್ತದೆ. ಬೆಂಗಳೂರಿಗರು ಅವನ್ನು ಕರಕುಶಲ ವಸ್ತುಗಳ ಕಾವೇರಿ ಎಂಪೋರಿಯಂನಂಥ ಕಡೆಗಳಲ್ಲೋ ಮೊಬೈಲಿನಲ್ಲೋ ಕೊಳ್ಳುತ್ತಾರೆ. ಕೊಳ್ಳುವುದು ಒಳ್ಳೆಯದೇ. ಮಾಡುವ ಆಸೆಯಿದ್ದವರಿಗೆ ಬೇಕಾದದ್ದು ಮಾತ್ರ ಅಲ್ಲಿ ಸಿಗುವುದಿಲ್ಲ.

ಕಳೆದ ನವೆಂಬರ್‌ನಲ್ಲಿ ನಾನು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಒಂದು ಮಂಡಿಯಲ್ಲಿ ಗೇಣುದ್ದದ ಸಿಲ್ವರ್ ಓಕ್ ಕೇಳಿದಾಗ, ಅಡಿಗಳ ಲೆಕ್ಕದಲ್ಲಿ ಮಾತ್ರ ಮಾರುವ ಆ ವ್ಯಾಪಾರಿ ಒಂದು ಕ್ಷಣ ನನ್ನನ್ನೇ ನೋಡಿದರು. ಗೋದಲಿಗೆ ಎಂದೆ. ಒಲೆಗೆಂದು ಮೂಲೆಯಲ್ಲಿ ಒಟ್ಟಿದ್ದ ರಾಶಿಯನ್ನು ಕಾಲಿನಿಂದ ಕೆದಕಿ ಮೂರು ತುಂಡು ಆರಿಸಿ ಕೊಟ್ಟರು, ಹಣ ಬೇಡವೆಂದರು. ಎರಡು ತುಂಡುಗಳು ಕುರಿಗಳಾಗಿವೆ. ಮೂರನೆಯದರ ನಡುವೆಯೇ ಗಂಟು ಇತ್ತು, ಉಳಿ ಹಿಡಿಯಲಿಲ್ಲ. ಅದು ರಾಗಿ ಪೈರಿನ ಹಿಂದೆ ಬಂಡೆಯಾಗಿ ನಿಂತಿತು.