ಕಡ್ಡಿಗೆ ಬೇರು ಬರಿಸಿದ್ದು ಜೇನುತುಪ್ಪವೇ?

ದಾಸವಾಳದ ಕಡ್ಡಿಯ ಬುಡಕ್ಕೆ ಜೇನುತುಪ್ಪ ಸವರಿ ನೆಟ್ಟರೆ ಬೇಗ ಬೇರು ಬರುತ್ತದೆಂದು ಹೇಳುವವರು ನಮ್ಮಲ್ಲಿ ಅನೇಕರಿದ್ದಾರೆ. ಕೆಲವರು ಲೋಳೆಸರ ಎನ್ನುತ್ತಾರೆ, ಇನ್ನು ಕೆಲವರು ಅರಿಸಿನ. ಅವರು ನೆಟ್ಟ ಕಡ್ಡಿ ಹಿಡಿದಿರುವುದು ನಿಜವೇ. ಆದರೆ ಅದರ ಪಕ್ಕದಲ್ಲಿ ಏನನ್ನೂ ಸವರದೆ ಇನ್ನೊಂದನ್ನು ನೆಟ್ಟಿದ್ದರೆ ಅದೂ ಹಿಡಿಯುತ್ತಿರಲಿಲ್ಲವೇ? ದಾಸವಾಳವಂತೂ ಸುಲಭವಾಗಿ ಬೇರು ಬಿಡುವ ಗಿಡ.

ಕತ್ತರಿಸಿದ ಕಾಂಡ ಬೇರು ಬಿಡುವುದರ ಹಿಂದೆ ಆಕ್ಸಿನ್ ಎಂಬ ಸಸ್ಯ ಹಾರ್ಮೋನಿನ ಕೈವಾಡವಿದೆ. ಎಳೆಯ ಎಲೆ, ಮೊಗ್ಗುಗಳಲ್ಲಿ ತಯಾರಾಗುವ ಆಕ್ಸಿನ್ ಜೀವಕೋಶದಿಂದ ಜೀವಕೋಶಕ್ಕೆ ದಾಟುತ್ತ ಕೆಳಮುಖವಾಗಿ ಸಾಗಿ, ಕತ್ತರಿಸಿದ ಬುಡದಲ್ಲಿ ಮುಂದೆ ದಾರಿಯಿಲ್ಲದೆ ಸಂಗ್ರಹವಾಗುತ್ತದೆ. ಅಲ್ಲಿನ ಕೆಲವು ಜೀವಕೋಶಗಳು ಮತ್ತೆ ವಿಭಜನೆಗೊಂಡು ಬೇರಿನ ಮೊಳಕೆಗಳಾಗುತ್ತವೆ. ಈ ‘ಕೆಳಗೆ’ ಎಂಬುದನ್ನು ಗುರುತ್ವ ನಿರ್ಧರಿಸುವುದೋ ಕಾಂಡವೇ ನಿರ್ಧರಿಸುವುದೋ? ಜರ್ಮನಿಯ ಸಸ್ಯವಿಜ್ಞಾನಿ ಹರ್ಮನ್ ಫೋಷ್ಟಿಂಗ್ ವಿಲೋ ಮರದ ಕಡ್ಡಿಗಳನ್ನು ತೇವದ ಗಾಳಿಯಲ್ಲಿ ಕೆಲವನ್ನು ನೇರವಾಗಿ, ಕೆಲವನ್ನು ತಲೆಕೆಳಗಾಗಿ ತೂಗುಹಾಕಿ ಪರೀಕ್ಷಿಸಿ, 1878ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಲೆಕೆಳಗಾದ ಕಡ್ಡಿಗಳಲ್ಲಿಯೂ ಬೇರುಗಳು ಮುಖ್ಯವಾಗಿ ಮೂಲ ಬುಡದ ಕಡೆಯಿಂದಲೇ ಹೊರಟವು. ಆಕ್ಸಿನ್ನಿನ ಹೆಸರೇ ಇಲ್ಲದ ಕಾಲದ ಈ ಪ್ರಯೋಗದ ಸರಳತೆ ನನಗೆ ಇಂದಿಗೂ ಬೆರಗು ತರುತ್ತದೆ. 1935ರಲ್ಲಿ ಅಮೆರಿಕದ ಬಾಯ್ಸ್ ಥಾಂಪ್ಸನ್ ಸಂಸ್ಥೆಯ ಜಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್, ಆಕ್ಸಿನ್ ಗುಂಪಿಗೇ ಸೇರಿದ ಇಂಡೋಲ್ ಬ್ಯುಟಿರಿಕ್ ಆಮ್ಲವು ಕಾಂಡದಲ್ಲಿ ಬೇರು ಬರಿಸುತ್ತದೆಂದು ತೋರಿಸಿದರು. ಇಂದು ಬೇರು ಬರಿಸುವ ಪುಡಿಯೆಂದು ಮಾರಾಟವಾಗುವುದು ಹೆಚ್ಚಾಗಿ ಟಾಲ್ಕ್ ಎಂಬ ನುಣುಪಾದ ಖನಿಜದ ಪುಡಿಯಲ್ಲಿ ಬೆರೆಸಿದ ಇದೇ ಆಮ್ಲ.

ಈ ಪುಡಿಯನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದೇ ಗಿಡದಿಂದ ಪೆನ್ಸಿಲ್ ದಪ್ಪದ, ಸುಮಾರು 15 ಸೆಂಟಿಮೀಟರ್ ಉದ್ದದ, ಮೂರ್ನಾಲ್ಕು ಗೆಣ್ಣುಗಳಿರುವ 40 ತುಂಡುಗಳನ್ನು ಕತ್ತರಿಸಿದರೆ ಅವೆಲ್ಲವೂ ಆನುವಂಶಿಕವಾಗಿ ಒಂದೇ ಆಗಿರುತ್ತವೆ. ಮನುಷ್ಯರ ಮೇಲೆ ಪ್ರಯೋಗ ನಡೆಸುವವರಿಗೆ ಇಂಥ ಅನುಕೂಲ ಸುಲಭಕ್ಕೆ ಒದಗುವುದಿಲ್ಲ. ಆದರೆ ರೆಂಬೆಯ ತುದಿಯ ತುಂಡು ಎಳೆಯದು, ಬುಡದ್ದು ಬಲಿತದ್ದು. ಆದ್ದರಿಂದ ಎರಡು ಬಗೆಯವನ್ನೂ ಎರಡು ಗುಂಪುಗಳಿಗೆ ಸಮವಾಗಿ ಚೀಟಿಯೆತ್ತಿ ಹಂಚಬೇಕು. ಒಂದು ಗುಂಪಿಗೆ ಹಾರ್ಮೋನ್ ಬೆರೆತ ಪುಡಿ. ಇನ್ನೊಂದಕ್ಕೆ ಏನೂ ಇಲ್ಲವೆಂದಲ್ಲ, ಬರಿಯ ಟಾಲ್ಕ್ ಪುಡಿ, ಏಕೆಂದರೆ ಪುಡಿ ಅಂಟಿಕೊಂಡಿರುವುದರಿಂದಲೇ ಗಾಯ ಒಣಗುವ ಬಗೆ ಬದಲಾಗಬಹುದು. ಹಾರ್ಮೋನನ್ನು ಮದ್ಯಸಾರದಲ್ಲಿ ಕರಗಿಸಿದ್ದರೆ ಹೋಲಿಕೆಯ ಗುಂಪನ್ನೂ ಅಷ್ಟೇ ಹೊತ್ತು, ಹಾರ್ಮೋನಿಲ್ಲದ ಅದೇ ದ್ರಾವಣದಲ್ಲಿ ಅದ್ದಬೇಕು. ಮಣ್ಣು, ನೀರು, ನೆರಳು ಎಲ್ಲವೂ ಒಂದೇ. ಕಿಟಕಿಯ ಪಕ್ಕದ ಸಾಲಿಗೆ ಬೆಳಕು ಹೆಚ್ಚೆಂದಾದರೆ ಎರಡೂ ಗುಂಪುಗಳನ್ನು ಬೆರೆಸಿ ನೆಡಬೇಕು.

ಎಲ್ಲರೂ ಎಡವುವುದು ಚಿಗುರಿನಲ್ಲಿ. ಬೇರೇ ಇಲ್ಲದ ಕಡ್ಡಿಯೂ ತನ್ನಲ್ಲಿ ಉಳಿದ ಆಹಾರದ ಬಲದಿಂದ ಚಿಗುರಿ, ಕೆಲವು ವಾರಗಳಲ್ಲಿ ಬಾಡಿಬಿಡಬಹುದು. ಹಾಗಾಗಿ ಎಣಿಸಬೇಕಾದದ್ದು ಬೇರುಗಳನ್ನು, ಅದೂ ಎಲ್ಲ ಕಡ್ಡಿಗಳನ್ನು ಒಂದೇ ದಿನ ಕಿತ್ತು, ಮಣ್ಣು ತೊಳೆದು. ಒಂದು ಕಡೆ 20ರಲ್ಲಿ 14, ಇನ್ನೊಂದು ಕಡೆ 12 ಬೇರು ಬಿಟ್ಟರೆ ಅದು ಆಕಸ್ಮಿಕವೂ ಇರಬಹುದು. 18 ಮತ್ತು 6 ಆದರೆ ಪುಡಿಯ ಪರವಾಗಿ ಮಾತನಾಡಬಹುದು. ಜೇನುತುಪ್ಪವನ್ನೂ ಸೇರಿಸಬೇಕೆಂದಿದ್ದರೆ ಅದಕ್ಕೂ 20 ಕಡ್ಡಿ ಬೇಕು, ಜೊತೆಗೆ ಅಷ್ಟೇ ಅಂಟಾದ ಸಕ್ಕರೆ ಪಾಕ ಸವರಿದ ಇನ್ನೂ 20. ಬೇರು ಎಣಿಸುವ ಕೆಲಸವನ್ನು ಮಾತ್ರ, ಯಾವ ಕಡ್ಡಿಗೆ ಏನು ಸವರಿದೆಯೆಂದು ತಿಳಿಯದ ಮನೆಮಂದಿಗೆ ಒಪ್ಪಿಸಬೇಕು.